ಪಕ್ಕದಲ್ಲೇ ಇದ್ದರೂ ಲೈಬ್ರರಿ ಯಾಕೆ ಸಿಗುವುದಿಲ್ಲ?

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಲೆಕ್ಕದ ಪ್ರೋಗ್ರಾಂ ಬರೆದಿದ್ದೀರಿ ಅಂತಿಟ್ಟುಕೊಳ್ಳಿ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ತೂಕ ಹಾಕಿದರೆ ಕನ್ನಡದಲ್ಲೇ ಬಿಲ್ ಬರುತ್ತದೆ. ನೆಟ್ ಇದ್ದಾಗ ಲೆಕ್ಕ ಸರ್ವರ್‌ಗೂ ಹೋಗುತ್ತದೆ. ನಿಮ್ಮ ಕಂಪ್ಯೂಟರಿನ ಹಳೇ ಲಿನಕ್ಸ್, ಉಬುಂಟು 20.04ರಲ್ಲಿ ಎಲ್ಲ ಸರಿ. ತೀರ್ಥಹಳ್ಳಿಯ ಶಾಖೆಯಲ್ಲಿರುವುದು 22.04. ಅಲ್ಲಿ ಐಕಾನ್ ಒತ್ತಿದರೆ ಏನೂ ಆಗುವುದಿಲ್ಲ. ಟರ್ಮಿನಲ್‌ನಲ್ಲಿ ಓಡಿಸಿದಾಗ ವಿಷಯ ಗೊತ್ತಾಗುತ್ತದೆ: ‘ಲಿಬ್‌ಎಸ್‌ಎಸ್‌ಎಲ್’ 1.1 ಎಂಬ ಫೈಲ್ ಸಿಗುತ್ತಿಲ್ಲ. ನೆಟ್‌ನಲ್ಲಿ ಹೋಗುವ ಮಾಹಿತಿಯನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಫೈಲ್ ಅದು; ಲೈಬ್ರರಿ ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡ್. ಹೊಸದರಲ್ಲಿ ಇರುವುದು ಓಪನ್‌ಎಸ್‌ಎಸ್‌ಎಲ್ 3. ಹಳೇ ಫೈಲನ್ನು ತಂದು ಪ್ರೋಗ್ರಾಂ ಪಕ್ಕದಲ್ಲೇ ಇಡುತ್ತೀರಿ. ಆದರೂ ಅದೇ ಎರರ್.

ವಿಂಡೋಸ್ ಬಳಸಿ ಬಂದವರಿಗೆ ಇಲ್ಲೇ ತಲೆ ಕೆಡುವುದು. ಅಲ್ಲಿ ಪ್ರೋಗ್ರಾಂ ಇರುವ ಫೋಲ್ಡರಿನಲ್ಲೂ ಹುಡುಕುತ್ತದೆ. ಲಿನಕ್ಸ್ ತಾನಾಗಿ ಆ ಕಡೆ ನೋಡುವುದೇ ಇಲ್ಲ.

ನೀವು ಬರೆದ ಮೊದಲ ಸಾಲು ಓಡುವುದಕ್ಕೂ ಮುಂಚೆ ಲೈಬ್ರರಿಗಳನ್ನು ಹುಡುಕಿ ಜೋಡಿಸುವ ಡೈನಮಿಕ್ ಲೋಡರ್ ಕೆಲಸ ಶುರು ಮಾಡಿರುತ್ತದೆ. ಪ್ರೋಗ್ರಾಂ ಫೈಲಿನೊಳಗೆ ‘ನೀಡೆಡ್’ ಎಂಬ ಪಟ್ಟಿ ಇದೆ. ಅದರಲ್ಲಿ ಸಾಮಾನ್ಯವಾಗಿ ಲೈಬ್ರರಿಯ ಹೆಸರಿರುತ್ತದೆ, ಜಾಗ ಇರುವುದಿಲ್ಲ. ಲೋಡರ್ ಮೊದಲು ‘ಎಲ್‌ಡಿ_ಲೈಬ್ರರಿ_ಪಾತ್’ ವೇರಿಯಬಲ್ (ಓಡುವ ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಹೇಳಿದ ಫೋಲ್ಡರುಗಳನ್ನು ನೋಡುತ್ತದೆ. ಆಮೇಲೆ ಪ್ರೋಗ್ರಾಂ ಫೈಲಿನೊಳಗೇ ಬರೆದಿಟ್ಟ, ಹುಡುಕಬೇಕಾದ ಜಾಗಗಳ ಪಟ್ಟಿ ‘ರನ್‌ಪಾತ್’. ಆಮೇಲೆ ‘ಎಲ್‌ಡಿಕಾನ್ಫಿಗ್’ ಆಜ್ಞೆ ತಯಾರಿಸಿದ ಕ್ಯಾಶ್, ಅಂದರೆ ಲೈಬ್ರರಿಗಳ ಜಾಗದ ಸಿದ್ಧ ಪಟ್ಟಿ. ಕೊನೆಗೆ ಸಿಸ್ಟಮ್ಮಿನ ಮಾಮೂಲಿ ಫೋಲ್ಡರುಗಳು.

ಬೇಗ ಹೊಳೆಯುವ ಉಪಾಯ ಎಲ್‌ಡಿ_ಲೈಬ್ರರಿ_ಪಾತ್. ದಯವಿಟ್ಟು ಇದನ್ನು ಪ್ಯಾಕೇಜಿನಲ್ಲಿ ಹಾಕಿ ಕೊಡಬೇಡಿ. ಪ್ರೋಗ್ರಾಂ ಮತ್ತೇನನ್ನಾದರೂ ತೆರೆದರೆ ಅದಕ್ಕೂ ಈ ವೇರಿಯಬಲ್ ಹೋಗುತ್ತದೆ. ನಿಮ್ಮ ಫೋಲ್ಡರಿನಲ್ಲಿ ಹಳೇ ಹಾರ್ಫ್‌ಬಜ್ ಕೂಡ ಇದೆ ಅನ್ನಿ. ‘ತೀರ್ಥಹಳ್ಳಿ’ಯ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುವ ಲೈಬ್ರರಿ ಅದು. ಬಿಲ್ ನೋಡಲು ಪಿಡಿಎಫ್ ವ್ಯೂವರ್ ತೆರೆದರೆ ಅದಕ್ಕೂ ನಿಮ್ಮ ಹಳೇ ಹಾರ್ಫ್‌ಬಜ್ಜೇ ಸಿಗುತ್ತದೆ. ಹೊಸ ವ್ಯೂವರ್ ಕೇಳುವ ಫಂಕ್ಷನ್ ಅದರಲ್ಲಿಲ್ಲದಿದ್ದರೆ ವ್ಯೂವರ್ ತೆರೆಯುವುದೇ ಇಲ್ಲ. ಮಂಡಿಯ ಗುಮಾಸ್ತರು ವ್ಯೂವರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು?

ಸರಿಯಾದ ಜಾಗ ರನ್‌ಪಾತ್. ಅದರಲ್ಲಿ ನಿಮ್ಮ ಕಂಪ್ಯೂಟರಿನ ಪೂರ್ತಿ ವಿಳಾಸ ಬರೆಯಬಾರದು, ‘$ಒರಿಜಿನ್’ ಎಂದು ಬರೆಯಬೇಕು. ಪ್ರೋಗ್ರಾಂ ಎಲ್ಲಿದೆಯೋ ಆ ಫೋಲ್ಡರ್ ಎಂದರ್ಥ. ಮನೆ ಯಾವ ಊರಲ್ಲೇ ಇರಲಿ, ‘ಮನೆ ಹಿಂದಿನ ಕೊಟ್ಟಿಗೆ’ ಅಂದರೆ ಜಾಗ ಸಿಗುತ್ತದಲ್ವಾ, ಹಾಗೆ. ಒಂದು ಎಚ್ಚರಿಕೆ: ಬಿಲ್ಡ್ (ಕೋಡಿನಿಂದ ಪ್ರೋಗ್ರಾಂ ತಯಾರಿಸುವ) ಆಜ್ಞೆಯಲ್ಲಿ ಇದಕ್ಕೆ ಒಂಟಿ ಉದ್ಧರಣ ಚಿಹ್ನೆ ಹಾಕದಿದ್ದರೆ, ಆಜ್ಞೆ ಓದುವ ಶೆಲ್ ಅದನ್ನು ತನ್ನ ವೇರಿಯಬಲ್ ಅಂದುಕೊಂಡು ನುಂಗಿಬಿಡುತ್ತದೆ. ‘ರೀಡ್‌ಎಲ್ಫ್’ ಆಜ್ಞೆಯಿಂದ ನೋಡಿ ಖಾತ್ರಿ ಮಾಡಿಕೊಳ್ಳಿ. ಬಿಲ್ಡ್ ಮುಗಿದ ಫೈಲಾದರೆ ‘ಪ್ಯಾಚ್‌ಎಲ್ಫ್’ ಎಂಬ ಉಪಕರಣದಿಂದ ತಿದ್ದಬಹುದು.

ಇನ್ನೊಂದು ತೊಡಕು: ಪ್ರೋಗ್ರಾಮಿನ ರನ್‌ಪಾತ್ ಅದು ನೇರವಾಗಿ ಕೇಳುವ ಲೈಬ್ರರಿಗಳಿಗೆ ಮಾತ್ರ. ಆ ಲೈಬ್ರರಿ ಮತ್ತೊಂದನ್ನು ಕೇಳಿದರೆ ಅದಕ್ಕೆ ತನ್ನದೇ ರನ್‌ಪಾತ್ ಬೇಕು. ಹಳೇ ಆರ್‌ಪಾತ್ (ರನ್‌ಪಾತ್‌ಗೂ ಮುಂಚಿನ ಇಂಥದ್ದೇ ಪಟ್ಟಿ) ಹಾಗಲ್ಲ, ಲೈಬ್ರರಿ ಕೇಳುವ ಲೈಬ್ರರಿಗಳವರೆಗೂ ಹೋಗುತ್ತಿತ್ತು.

ಇಷ್ಟು ಕಲಿತ ಮೇಲೆ ಎಲ್ಲ ಲೈಬ್ರರಿಯನ್ನೂ ಜೊತೆಗೇ ಕಟ್ಟಿ ಕೊಡೋಣ ಅನಿಸುತ್ತದೆ. ಮಳೆಗಾಲದಲ್ಲಿ ಹೊಸನಗರದ ಒಳಗಿನ ಊರಿಗೆ ಪೆನ್‌ಡ್ರೈವ್ ಹಿಡಿದು ಹೋಗುವವರಿಗೆ ಅದೇ ಸಲೀಸು. ಅಪರೂಪದ ಲೈಬ್ರರಿಗಳಿಗೆ ಹಾಗೇ ಮಾಡಿ. ಓಪನ್‌ಎಸ್‌ಎಸ್‌ಎಲ್ಲಿಗೆ ಮಾತ್ರ ಬೇಡ. 2014ರಲ್ಲಿ ಅದರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೊಡ್ಡ ತೂತು ಸಿಕ್ಕಿತು. ಸರ್ವರ್‌ನ ನೆನಪಿನಲ್ಲಿದ್ದ ಗುಟ್ಟುಗಳೇ ಹೊರಗೆ ಸೋರಬಹುದಿತ್ತು. ಸಿಸ್ಟಮ್ಮಿನ ಲೈಬ್ರರಿ ಬಳಸುತ್ತಿದ್ದ ಪ್ರೋಗ್ರಾಂಗಳು ಒಂದು ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಮಾಡಿದ ಕೂಡಲೇ ಸರಿಹೋದವು. ತಮ್ಮದೇ ಪ್ರತಿ ಇಟ್ಟುಕೊಂಡಿದ್ದನ್ನು ಒಂದೊಂದಾಗಿ ಹುಡುಕಿ ಬದಲಿಸಬೇಕಾಯಿತು. ನಿಮ್ಮ ಹಳೇ ಫೈಲಿನ ಆವೃತ್ತಿ 1.1.1ಕ್ಕೆ ಓಪನ್‌ಎಸ್‌ಎಸ್‌ಎಲ್ ತಂಡದ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರಿನಲ್ಲೇ ಮುಗಿದಿದೆ. ರೈತರ ಲೆಕ್ಕವನ್ನು ಅದರ ಮೇಲೆ ಕಳಿಸುವುದು ಸರಿಯಲ್ಲ. 22.04ಕ್ಕೆ ಬೇಕಾದ ಪ್ಯಾಕೇಜನ್ನು 22.04ರಲ್ಲೇ ಬಿಲ್ಡ್ ಮಾಡಿ. ಡೆವಲಪ್‌ಮೆಂಟ್ (ಬಿಲ್ಡ್ ಮಾಡಲು ಬೇಕಾದ) ಫೈಲುಗಳಿಲ್ಲದ ಹೊಸ ಕಂಪ್ಯೂಟರಿನಲ್ಲಿ, ನೆಟ್ ತೆಗೆದು, ಒಮ್ಮೆ ಓಡಿಸಿ ನೋಡಿ. ಆಮೇಲೆ ಪೆನ್‌ಡ್ರೈವಿಗೆ ಹಾಕಿಕೊಳ್ಳಿ.