ಮಧ್ಯಾಹ್ನ ಒಂದರಿಂದ ಸಂಜೆ ಏಳರವರೆಗೆ

ಪುಣೆಯ ವಾರ್ಜೆ, ಕಾತ್ರಜ್, ಹಡಪ್ಸರ್ ಕಡೆಯ ವಸ್ತಿಗಳಲ್ಲಿ ಬೆಳಿಗ್ಗೆ ಓಡಾಡಿದರೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತದೆ. ಗಂಡ ಹೆಂಡತಿ ಇಬ್ಬರೂ ಬುತ್ತಿ ಕಟ್ಟಿಕೊಂಡು ಮಜೂರ್ ಅಡ್ಡಾಕ್ಕೆ, ಅಂದರೆ ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ನಾಕಾಕ್ಕೆ, ಹೊರಟಿರುತ್ತಾರೆ. ದಗದ (ಕೆಲಸ) ಸಿಕ್ಕರೆ ಮನೆಗೆ ಬರುವುದು ಕತ್ತಲಾದ ಮೇಲೆಯೇ. ಇಂಥ ಕುಟುಂಬಗಳಿಗಾಗಿ ನಡೆಯುವ ಸಮುದಾಯ ಕೇಂದ್ರದಲ್ಲಿ ನಾನು ಸಮಾಜ ಕಾರ್ಯಕರ್ತೆ. ನಾವೂ ಒಂದು ಕೇಂದ್ರ ತೆರೆಯುತ್ತೇವೆ ಅಂತ ಬರುವವರು ಕಂಪ್ಯೂಟರ್ ಎಷ್ಟು ಬೇಕು, ಪುಸ್ತಕ ಎಷ್ಟು ಬೇಕು ಎಂದು ಕೇಳುತ್ತಾರೆ. ನಾನು ಅವರಿಗೆ ಕೇಳುವುದು, ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತೀರಿ ಅಂತ.

ಬೆಳಗಿನ ಪಾಳಿಯ ಶಾಲೆ ಮಧ್ಯಾಹ್ನಕ್ಕೆ ಬಿಡುತ್ತದೆ. ಅಲ್ಲಿಂದ ಸಂಜೆ ಏಳರವರೆಗೆ ಹದಿನೈದರ ಹುಡುಗಿ ತಗಡಿನ ಪತ್ರಾ ಶೆಡ್ಡಿನಲ್ಲಿ ಒಬ್ಬಳೇ. ಚಿಲಕ ಗಟ್ಟಿ ಇರುವುದಿಲ್ಲ. ಅಕ್ಕಪಕ್ಕದವರ ಪರಿಚಯವೂ ಅಷ್ಟಕ್ಕಷ್ಟೇ. ತಾಯಿಯ ಜೀವ ಸೈಟಿನಲ್ಲಿ ಇಟ್ಟಿಗೆ ಹೊರುವಾಗಲೂ ಇಲ್ಲೇ ಇರುತ್ತದೆ. ನನ್ನ ಅನುಭವದಲ್ಲಿ ಬಾಲ್ಯವಿವಾಹದ ಮಾತು ಹುಟ್ಟುವುದು ಜಾಸ್ತಿ ಇಲ್ಲಿಂದಲೇ. ಹುಡುಗಿಗೆ 18 ಆಗಿರಬೇಕು ಎನ್ನುವುದು ಆ ತಾಯಿಗೆ ಗೊತ್ತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಬಗ್ಗೆ ನಾವು ಭಾಷಣ ಮಾಡಿದರೆ ತಲೆಯಾಡಿಸಿ ಕೇಳುತ್ತಾಳೆ. ಆಮೇಲೆ, ‘ನಾ ದಗದಕ್ಕ ಹೋದಾಗ ಇಕಿನ ಯಾರು ನೋಡ್ಕೋತಾರ್ರೀ?’ ಅಂತಾಳೆ. ಅದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ. ಉತ್ತರ ಇರುವುದು ತೆರೆದಿರುವ ಒಂದು ಕೋಣೆಯಲ್ಲಿ, ಅಲ್ಲಿ ದಿನಾ ಕೂರುವ ನಂಬಿಕಸ್ಥ ಹೆಂಗಸಿನಲ್ಲಿ.

ಸರ್ಕಾರದ ಯೋಜನೆಗಳನ್ನು ವಯಸ್ಸಿನ ಪ್ರಕಾರ ಜೋಡಿಸಿ ನೋಡಿ. 6 ವರ್ಷದವರೆಗೆ ಅಂಗನವಾಡಿ ಇದೆ. 6ರಿಂದ 14ರವರೆಗೆ ಶಿಕ್ಷಣ ಹಕ್ಕು ಕಾಯ್ದೆ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಹಚ್ಚಲು 18 ತುಂಬಿರಬೇಕು. ಸಂಸ್ಥೆಗಳ ಕೆಲಸವೂ ಚಿಕ್ಕ ಮಕ್ಕಳಿಂದಲೇ ಬೆಳೆಯಿತು. ಮೊಬೈಲ್ ಕ್ರೆಶ್ 1969ರಲ್ಲಿ ದೆಹಲಿಯ ಕಟ್ಟಡ ಸೈಟಿನಲ್ಲೇ ಕೂಸುಗಳಿಗೆ ಜಾಗ ಮಾಡಿತು. 1988ರಲ್ಲಿ ಮುಂಬೈಯಲ್ಲಿ ಶುರುವಾದ ಡೋರ್ ಸ್ಟೆಪ್ ಸ್ಕೂಲ್ ಆಮೇಲೆ ಪುಣೆಗೂ ಬಂತು. ಇವರೆಲ್ಲ ಮಾಡಿದ್ದು ದೊಡ್ಡ ಕೆಲಸ. ಆದರೆ 14ರಿಂದ 18ರ ನಡುವಿನ ಮಗು ಯಾರ ಪಾಲು? ಹುಡುಗ ಕೂಲಿಯಾಳು ಕರೆದೊಯ್ಯುವ ಮುಕಾದಮನ ಹಿಂದೆ ಬಿಗಾರಿ (ಕೈಯಾಳಿನ) ದಗದಕ್ಕೆ ಹೋಗುತ್ತಾನೆ. ಹುಡುಗಿ ತಮ್ಮ ತಂಗಿಯರನ್ನು ನೋಡಿಕೊಂಡು ಮನೆಯಲ್ಲಿ ಉಳಿಯುತ್ತಾಳೆ. ಸಮುದಾಯ ಕೇಂದ್ರ ಬೇಕಾಗಿರುವುದು ಎಲ್ಲಕ್ಕಿಂತ ಹೆಚ್ಚು ಈ ನಾಲ್ಕು ವರ್ಷಕ್ಕೆ.

ಅವರು ಬರುವಂತೆ ಮಾಡುವುದು ಹೇಗೆ? ಬಾಗಿಲ ಮೇಲೆ ‘ಆಪ್ತ ಸಮಾಲೋಚನೆ’ ಅಂತ ಬೋರ್ಡ್ ಹಾಕಿದರೆ ಒಬ್ಬರೂ ಬರುವುದಿಲ್ಲ. ಒಳಗೆ ಹೋದವನಿಗೆ ಏನೋ ಆಗಿದೆ ಅಂತ ವಸ್ತಿಯೆಲ್ಲ ಮಾತಾಡುತ್ತದೆ. ಸುಮ್ನೆ ಬರಲು ಒಂದು ನೆಪ ಬೇಕು. ಕೇರಂ, ಫೋನ್ ಚಾರ್ಜಿಂಗ್, ಫ್ಯಾನಿನ ಕೆಳಗೆ ಓದಲು ಜಾಗ, ಇಷ್ಟು ಸಾಕು. ವಾರಗಟ್ಟಲೆ ಕೇರಂ ಆಡಿದ ಹುಡುಗ ಒಂದು ದಿನ ಕಾಯಿ ಜೋಡಿಸುತ್ತಾ ಅಪ್ಪನ ಕುಡಿತದ ಮಾತು ಎತ್ತುತ್ತಾನೆ. ಆಗ ಆಡುವುದನ್ನು ನಿಲ್ಲಿಸಬಾರದು, ಪೆನ್ನು ಹಾಳೆಯನ್ನಂತೂ ತೆಗೆಯಲೇಬಾರದು. ಮನಸ್ಸಿನ ಸಂಕಟ ಜಾಸ್ತಿ ಇದೆ ಅನ್ನಿಸಿದರೆ 14416ಕ್ಕೆ ಕರೆ ಹಚ್ಚಿ ಕೊಡುತ್ತೇವೆ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು, ಕನ್ನಡದಲ್ಲೂ ಮಾತಾಡಬಹುದು. ಮಗು ಅಪಾಯದಲ್ಲಿದೆ ಎಂದಾದರೆ ಕಾಯುವ ಮಾತಿಲ್ಲ, ಮಕ್ಕಳ ಸಹಾಯವಾಣಿ 1098.

ತಾಯಂದಿರು ಬರುವುದು ಕಾಗದಪತ್ರಕ್ಕೆ. ಊರಿನ ರೇಷನ್ ಕಾರ್ಡಿನಲ್ಲೇ ಪುಣೆಯಲ್ಲೂ ಧಾನ್ಯ ಪಡೆಯಬಹುದು ಎನ್ನುವುದು ಎಷ್ಟೋ ಮನೆಗಳಿಗೆ ಇನ್ನೂ ಗೊತ್ತಿಲ್ಲ. ಕಲ್ಯಾಣ ಮಂಡಳಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ದಾಖಲೆ ಕೊಡಬೇಕು. ಹೆಸರು ಹಚ್ಚಿದರೆ ಮಕ್ಕಳ ಓದಿಗೂ ನೆರವಿದೆ. ಎಂಟನೇ ತರಗತಿವರೆಗೆ ಟಿಸಿ ಬರುವುದು ತಡವಾಯಿತು ಅಂತ ಶಾಲೆ ಪ್ರವೇಶ ತಡೆಯುವಂತಿಲ್ಲ, ಮಗು ಬೇರೆ ರಾಜ್ಯದಿಂದ ಬಂದಿದ್ದರೂ ಸರಿ. ಶಾಲೆ ಬಿಟ್ಟವರು ‘ಸತ್ರಾ ನಂಬರ್’ (17ನೇ ನಂಬರ್) ಫಾರ್ಮ್ ತುಂಬಿ ಹತ್ತನೆಯದಕ್ಕೆ ಖಾಸಗಿಯಾಗಿ ಕೂರಬಹುದು.

ಜಾತಿ ಪ್ರಮಾಣಪತ್ರದ ವಿಷಯ ಮಾತ್ರ ನಿಧಾನವಾಗಿ ಬಿಡಿಸಿ ಹೇಳಬೇಕು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಇಲ್ಲಿಯ ವಿಮುಕ್ತ ಜಾತಿ ಪತ್ರ ಬೇಕೆಂದರೆ ಮನೆತನ 1961ರ ನವೆಂಬರ್ 21ರ ಮೊದಲಿನಿಂದ ಮಹಾರಾಷ್ಟ್ರದಲ್ಲಿದ್ದ ಪುರಾವೆ ಕೇಳುತ್ತಾರೆ. ಮೊನ್ನೆ ಮೊನ್ನೆ ತಾಂಡಾದಿಂದ ಬಂದವರು ಎಲ್ಲಿಂದ ತರುತ್ತಾರೆ? ಕರ್ನಾಟಕದ ಪತ್ರ ಇಲ್ಲಿಯ ರಾಜ್ಯ ಮೀಸಲಾತಿಗೆ ನಡೆಯುವುದಿಲ್ಲ, ಕೇಂದ್ರದ ನೌಕರಿಗೆ ನಡೆಯುತ್ತದೆ. ಈ ಮಾತು ಮಗು ಎಂಟನೆಯದರಲ್ಲಿ ಇರುವಾಗಲೇ ಮನೆಗೆ ತಿಳಿಯಬೇಕು. ಕಾಲೇಜಿನ ಕಿಟಕಿ ಮುಂದೆ ನಿಂತಾಗ ತಿಳಿದರೆ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ. ಇದಕ್ಕಾಗಿ ಎರಡೂ ರಾಜ್ಯದ ಕಾಗದ ಬಲ್ಲ, ಕನ್ನಡ ಮರಾಠಿ ಎರಡೂ ಆಡುವ ಒಬ್ಬರನ್ನು ಕೇಂದ್ರದಲ್ಲಿ ಸಂಬಳ ಕೊಟ್ಟೇ ಇಟ್ಟುಕೊಳ್ಳಬೇಕು. ಸ್ವಯಂಸೇವಕರ ಮೇಲೆ ಬಿಡುವ ಕೆಲಸ ಇದಲ್ಲ.

ಫಾರ್ಮ್ ತುಂಬಿಸಲು ನಾಲ್ಕು ಸಲ ಬಂದ ತಾಯಿ ಐದನೇ ಸಲ ಮಗಳನ್ನು ಕರೆತಂದು, ‘ಸಂಜೀತನ ಇಲ್ಲೇ ಕೂಡ್ಲಿ’ ಅನ್ನುತ್ತಾಳೆ. ನಾವು ಕಾಯುವುದು ಈ ಮಾತಿಗೆ.

ಜಾಗಕ್ಕೆ ಹೊಸ ಕಟ್ಟಡ ಬೇಡ. ಎಷ್ಟೋ ವಸ್ತಿಗಳಲ್ಲಿ ಸಮಾಜ ಮಂದಿರ ಇದೆ, ಮಂಡಳದ ಹಾಲ್ ಇದೆ. ಹಬ್ಬ ಬಿಟ್ಟರೆ ಮಧ್ಯಾಹ್ನ ಖಾಲಿಯೇ ಅಲ್ವಾ? ಪುಣೆಯ ಕನ್ನಡ ಬಳಗಗಳು ಬಾಡಿಗೆ ಮತ್ತು ಒಬ್ಬ ಅಕ್ಕನ ಸಂಬಳ ಹೊತ್ತರೆ ಒಂದು ವಸ್ತಿಗೆ ಸಾಕು. ಶುರು ಮಾಡುವವರು ಜೂನ್‌ಗೆ ಕಾಯಬೇಡಿ. ಏಪ್ರಿಲ್–ಮೇ ರಜೆಯಲ್ಲಿ ಕುಟುಂಬಗಳು ಊರಿಗೆ ಹೋಗುತ್ತವೆ, ಅಕ್ಷಯ ತೃತೀಯದ ಮದುವೆಗಳೂ ಆಗಲೇ. ಜನವರಿಯಲ್ಲಿ ಬಾಗಿಲು ತೆಗೆದರೆ, ಹೊರಡುವ ಮುಂಚೆ ಆ ತಾಯಂದಿರ ಜೊತೆ ಕೂತು ಮಾತಾಡಲು ಮೂರು ತಿಂಗಳಾದರೂ ಸಿಗುತ್ತದೆ.