ಈ ವರ್ಷ ಎಷ್ಟು ಅವರ್ ಉಂಟು?

ಕಾಸರಗೋಡಿನ ಕಾಲೇಜುಗಳಲ್ಲಿ ಕನ್ನಡ ಪಾಠ ಮಾಡುವವರು ಜೂನ್ ತಿಂಗಳಲ್ಲಿ ಎದುರಾದರೆ ಮಾತು ಶುರುವಾಗುವುದು ಹೀಗೆ: "ಈ ವರ್ಷ ಎಷ್ಟು ಅವರ್ ಉಂಟು?" ಅವರ್ ಅಂದರೆ ವಾರಕ್ಕೆ ಸಿಗುವ ಪಾಠದ ಗಂಟೆ. ಸಂಬಳದ ಮಾತು ಆಮೇಲೆ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಮರುವರ್ಷ ಸರಕಾರಿ ಕಾಲೇಜು ಬಂತು, 1967ರಲ್ಲಿ ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಿ ಎಂದ ಮಹಾಜನ ವರದಿ ಬಂದು ಜಾರಿಯಾಗದೆ ಹಾಗೇ ಉಳಿಯಿತು, 1980ರಲ್ಲಿ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಕಾಲೇಜು, 1996ರಲ್ಲಿ ಕಣ್ಣೂರು ವಿಶ್ವವಿದ್ಯಾಲಯ. ಕನ್ನಡ ವಿಭಾಗಗಳು ಇದೆಲ್ಲದರ ನಡುವೆ ಉಸಿರು ಹಿಡಿದು ನಡೆದವು.

ಈಗಿನ ಗೋಜಲು 2020ರ ಏಪ್ರಿಲ್‌ನದು. ಅಲ್ಲಿವರೆಗೆ ಒಂದು ಹುದ್ದೆಗೆ ವಾರಕ್ಕೆ 16 ಗಂಟೆ. ಅದರ ಮೇಲೆ 9 ಗಂಟೆ ಉಳಿದರೂ ಇನ್ನೊಂದು ಹುದ್ದೆ ಸಿಗುತ್ತಿತ್ತು. ಎಂ.ಎ. ತರಗತಿಯ ಒಂದು ಗಂಟೆಯನ್ನು ಒಂದೂವರೆ ಅಂತ ಎಣಿಸುತ್ತಿದ್ದರು. ಕೇರಳ ಸರಕಾರದ ಹೊಸ ಆದೇಶ ಈ ಎರಡು ರಿಯಾಯಿತಿಗಳನ್ನೂ ತೆಗೆಯಿತು. ಅಂದರೆ 25 ಗಂಟೆ ಪಾಠ ಇರುವಲ್ಲಿ ಮೊದಲು ಇಬ್ಬರು, ಈಗ ಒಬ್ಬರು. ಮಿಕ್ಕ 9 ಗಂಟೆ ಗೆಸ್ಟ್ ಪಾಲಿಗೆ, ಅಂದರೆ ತಾತ್ಕಾಲಿಕ ಅಧ್ಯಾಪಕರಿಗೆ. ಎಂಟು ಹತ್ತು ಜನರಿರುವ ವಿಭಾಗ ಇದನ್ನು ಹೇಗೋ ತಾಳಿಕೊಳ್ಳುತ್ತದೆ. ಒಬ್ಬಿಬ್ಬರೇ ಇರುವ ಕನ್ನಡ ವಿಭಾಗಕ್ಕೆ ಅದು ಅರ್ಧ ಮನೆಯೇ ಹೋದ ಹಾಗೆ, ಅಲ್ವಾ?

ಗೆಸ್ಟ್ ಆಗುವುದೂ ಸುಲಭ ಅಲ್ಲ. ಕಲ್ಲಿಕೋಟೆಯ ಕಾಲೇಜು ಶಿಕ್ಷಣ ಉಪನಿರ್ದೇಶಕರ ಕಚೇರಿಯ ಪ್ಯಾನೆಲ್‌ನಲ್ಲಿ ಹೆಸರಿರಬೇಕು, ವರ್ಷ ವರ್ಷ ಇಂಟರ್‌ವ್ಯೂಗೆ ಕೂರಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ಗೆಸ್ಟ್‌ಗೆ ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಅಂತ ಹೇಳಿತು. ಕೈಗೆ ಬರುವುದು ಬೇರೆ ಲೆಕ್ಕ. ನಾನೂ ಮೂರು ವರ್ಷ ಗೆಸ್ಟ್ ಆಗಿದ್ದೆ. ಜೂನ್‌ನ ಸಂಬಳ ಓಣಂ ಹೊತ್ತಿಗೆ ಬಂದರೆ ಪುಣ್ಯ. ಪರೀಕ್ಷಾ ಡ್ಯೂಟಿಯ ಸರ್ಕ್ಯುಲರ್ ಮಲಯಾಳದಲ್ಲಿರುತ್ತಿತ್ತು, ಅಟೆಂಡರ್ ಓದಿ ಅರ್ಥ ಹೇಳುತ್ತಿದ್ದರು. ಒಂದು ಸಲ ಅವರು ರಜೆ ಹಾಕಿದ್ದರು. ಡ್ಯೂಟಿ ಬೆಳಗ್ಗೆ ಅಂತ ಗೊತ್ತಾಗದೆ ನಾನು ಮಧ್ಯಾಹ್ನ ಹೋಗಿ ನಿಂತೆ. ಮೆಮೊ ಕೊಟ್ಟರು. ಅದೂ ಮಲಯಾಳದಲ್ಲೇ.

ಪಾಠದ ಬಗ್ಗೆ ಮಾತ್ರ ಯಾರಿಗೂ ಬೇಸರ ಇಲ್ಲ. ಮನೆಯಲ್ಲಿ ತುಳುವೋ ಮರಾಠಿಯೋ ಆಡುವ ಹುಡುಗಿ ಕುಮಾರವ್ಯಾಸನ ಷಟ್ಪದಿ ಓದುವಾಗ ಸಿಗುವ ಖುಷಿಗೆ ಯಾವ ಆದೇಶವೂ ಅಡ್ಡ ಬರುವುದಿಲ್ಲ.

2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾಯಿತು. ಅಂದಿನಿಂದ ಅಡ್ಮಿಷನ್ ಮುಗಿದ ದಿನ ಸ್ಟಾಫ್ ರೂಮಿನಲ್ಲಿ ಕನ್ನಡ ಮೇಷ್ಟ್ರು ಪಟ್ಟಿ ಹಿಡಿದು, ಭಾಷೆಯ ಕಾಲಂ ಮೇಲೆ ಬೆರಳಿಟ್ಟು ಕನ್ನಡ ತೆಗೆದುಕೊಂಡವರನ್ನು ಎಣಿಸುತ್ತಾರೆ. ಒಂದು ಸಲ ಅಲ್ಲ, ಎರಡು ಸಲ.