ಸೆಪ್ಟೆಂಬರ್ 30ರ ನಂತರ ಬಂದ ಮಕ್ಕಳು: ಬೆಂಗಳೂರು ಅಂಚಿನ ಸರ್ಕಾರಿ ಶಾಲೆಗಳ ಅಭಿವೃದ್ಧಿ ಯೋಜನೆ ನಡೆದುಬಂದ ದಾರಿ

ಆನೇಕಲ್, ಮಹದೇವಪುರ, ಕೆ.ಆರ್. ಪುರ, ಬೊಮ್ಮನಹಳ್ಳಿ ಕಡೆಯ ಸರ್ಕಾರಿ ಶಾಲೆಗಳಲ್ಲಿ ದಾಖಲಾತಿ ಜೂನ್‌ಗೆ ಮುಗಿಯುವುದಿಲ್ಲ. ದಸರಾ ರಜೆ ಕಳೆದು ಶಾಲೆ ತೆರೆದಾಗ ಕೆಲವು ಹೊಸ ಮುಖಗಳು ಕಾಣುತ್ತವೆ. ಸುಗ್ಗಿ ಮುಗಿದ ಮೇಲೆ ಯಾದಗಿರಿ, ರಾಯಚೂರು, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಸೇರುತ್ತಾರೆ. ಒಡಿಶಾ, ಬಿಹಾರ, ಪಶ್ಚಿಮ ಬಂಗಾಳ, ಅಸ್ಸಾಂನಿಂದ ಬಂದ ಕುಟುಂಬಗಳಿಗಂತೂ ಇಂಥದೇ ತಿಂಗಳು ಎಂಬುದಿಲ್ಲ. ಗುತ್ತಿಗೆದಾರ ಕರೆಸಿಕೊಂಡಾಗ ಹೊರಡುತ್ತಾರೆ, ಕೆಲಸ ಮುಗಿದಾಗ ಗಂಟುಮೂಟೆ ಕಟ್ಟುತ್ತಾರೆ. ಶಾಲೆಗೆ ಶಿಕ್ಷಕರು, ಕೊಠಡಿ, ಅನುದಾನ ಮಂಜೂರಾಗುವ ಲೆಕ್ಕ ಮಾತ್ರ ಬಹುಕಾಲ ಸೆಪ್ಟೆಂಬರ್ 30ರ ಸಂಖ್ಯೆಯ ಮೇಲೆ ನಿಂತಿತ್ತು. ಈ ಶಾಲೆಗಳ ಅಭಿವೃದ್ಧಿ ಯೋಜನೆ, ಅಂದರೆ ಮುಂದೆ ಬೇಕಾಗುವ ಶಿಕ್ಷಕರು, ಕೊಠಡಿ, ಹಣವನ್ನು ಶಾಲೆ ಮೊದಲೇ ಲೆಕ್ಕ ಹಾಕಿ ಬರೆದುಕೊಡುವ ಯೋಜನೆ, ವರ್ಷ ವರ್ಷವೂ ಸೋಲುವುದಕ್ಕೆ ಮುಖ್ಯ ಕಾರಣ ಇದೇ: ನಾವು ಎಣಿಸುವ ತಿಂಗಳು ಒಂದು, ಮಕ್ಕಳು ಬರುವ ತಿಂಗಳು ಇನ್ನೊಂದು.

ಬೆಳವಣಿಗೆಯ ವೇಗ ಎಷ್ಟೆಂಬುದನ್ನು ಜನಗಣತಿ ಹೇಳುತ್ತದೆ. 2001ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65.37 ಲಕ್ಷ, 2011ರಲ್ಲಿ 96.21 ಲಕ್ಷ. ಹತ್ತು ವರ್ಷದಲ್ಲಿ ಶೇ 47ಕ್ಕೂ ಹೆಚ್ಚು. ಅದೇ ಅವಧಿಯಲ್ಲಿ ಇಡೀ ಕರ್ನಾಟಕ ಬೆಳೆದದ್ದು ಶೇ 15.6ರಷ್ಟು. ಈ ಹೆಚ್ಚಳದ ಬಹುಪಾಲು ಬಂದು ಕೂತದ್ದು ಅಂಚಿನ ಹಳ್ಳಿಗಳಲ್ಲಿ. ಅಲ್ಲಿದ್ದದ್ದೋ ಊರಿನ ಮಕ್ಕಳಿಗೆಂದು ಕಟ್ಟಿದ ನಾಲ್ಕೈದು ಕೋಣೆಗಳ ಶಾಲೆ.

ಶಾಲೆಯೇ ತನ್ನ ಯೋಜನೆಯನ್ನು ತಾನು ಮಾಡಿಕೊಳ್ಳಬೇಕು ಎಂಬ ಮಾತು ಹೊಸದಲ್ಲ. 1964–66ರ ಕೊಠಾರಿ ಆಯೋಗ, ಅಂದರೆ ಕೇಂದ್ರ ಸರ್ಕಾರದ ಶಿಕ್ಷಣ ಆಯೋಗ, ಅದನ್ನು ಹೇಳಿತ್ತು. ಆಯೋಗದ ಸದಸ್ಯ ಕಾರ್ಯದರ್ಶಿಯಾಗಿದ್ದ ಜೆ.ಪಿ. ನಾಯಕ್ ಅದಕ್ಕೆ ಮೊದಲೇ ಧಾರವಾಡ ಜಿಲ್ಲೆಯ ಉಪ್ಪಿನ ಬೆಟಗೇರಿಯಲ್ಲಿ ಗ್ರಾಮಕೆಲಸ ಮಾಡಿ ಕೆಳಗಿನ ಕಷ್ಟ ಕಂಡವರು. ಆದರೆ ಹಣ, ಹುದ್ದೆ ಎರಡೂ ಮೇಲಿನಿಂದಲೇ ಬರುತ್ತಿದ್ದ ಕಾಲದಲ್ಲಿ ಆ ಸಲಹೆ ಕಾಗದದ ಮೇಲೇ ಉಳಿಯಿತು. 1987ರಲ್ಲಿ ಶುರುವಾದ ಕೇಂದ್ರದ ಕರಿಹಲಗೆ ಕಾರ್ಯಾಚರಣೆ (ಆಪರೇಷನ್ ಬ್ಲ್ಯಾಕ್‌ಬೋರ್ಡ್) ಯೋಜನೆ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಎಂಬ ಗೆರೆ ಎಳೆಯಿತು. ಏಕೋಪಾಧ್ಯಾಯ ಶಾಲೆಗಳೇ ತುಂಬಿದ್ದ ನಾಡಿಗೆ ಅದು ನಿಜವಾದ ಉಪಕಾರ. ಆದರೂ ಅದರ ಮನಸ್ಸಿನಲ್ಲಿದ್ದದ್ದು ಸಣ್ಣ, ಇದ್ದಲ್ಲೇ ಇರುವ ಹಳ್ಳಿ.

ಜಿಲ್ಲೆಯನ್ನೇ ಯೋಜನೆಯ ಘಟಕವಾಗಿ ಹಿಡಿದದ್ದು ಡಿಪಿಇಪಿ, ಅಂದರೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ. ಕರ್ನಾಟಕದಲ್ಲಿ ಅದು 1994ರ ಸುಮಾರಿಗೆ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳಲ್ಲಿ ಮೊದಲಾಯಿತು. ಅಕ್ಕಪಕ್ಕದ ಶಾಲೆಗಳ ಕ್ಲಸ್ಟರ್, ಅದರ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಬ್ಲಾಕ್ ಸಂಪನ್ಮೂಲ ಕೇಂದ್ರ, ಜನವಸತಿವಾರು ಪಟ್ಟಿ ಇವೆಲ್ಲ ಬೇರೂರಿದ್ದು ಆ ದಿನಗಳಲ್ಲಿ. ಮಹಿಳಾ ಸಾಕ್ಷರತೆ ರಾಷ್ಟ್ರೀಯ ಸರಾಸರಿಗಿಂತ ಕಡಿಮೆ ಇದ್ದ ಜಿಲ್ಲೆಗಳಿಗೆ ಆದ್ಯತೆ ಎಂಬ ನಿಯಮದಿಂದ ಹಿಂದುಳಿದ ಜಿಲ್ಲೆಗಳಿಗೆ ನ್ಯಾಯ ಸಿಕ್ಕಿತು. ಜೊತೆಗೆ ಇನ್ನೊಂದೂ ಆಯಿತು: ಇವತ್ತಿಗೂ ನಾವು ಬಳಸುವ ಯೋಜನಾ ನಮೂನೆಗಳು ಹದಗೊಂಡದ್ದು ಜನ ಬಿಟ್ಟುಹೋಗುವ ಊರುಗಳಲ್ಲಿ. ಜನ ಬಂದು ಸೇರುವ ಊರು ಅವುಗಳ ಅಳತೆಗೆ ಸಿಕ್ಕಿರಲಿಲ್ಲ.

2001ರಲ್ಲಿ ದೊಡ್ಡ ತಿರುವು ಬಂತು. ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ ಗ್ರಾಮ ಶಿಕ್ಷಣ ಸಮಿತಿಗಳ ಜಾಗದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಬಂತು. ಊರ ಹಿರಿಯರ ಬದಲು ಆ ಶಾಲೆಯಲ್ಲೇ ಮಕ್ಕಳನ್ನು ಓದಿಸುವ ತಂದೆ ತಾಯಂದಿರು ಕೂರಬೇಕು ಎಂಬುದು ಅದರ ತಿರುಳು. ಶಿಕ್ಷಣ ಹಕ್ಕು ಕಾಯ್ದೆ ಬರುವುದಕ್ಕೆ ಎಂಟು ವರ್ಷ ಮೊದಲೇ ಕರ್ನಾಟಕ ಇದನ್ನು ಮಾಡಿತ್ತು ಎಂಬುದು ಹೆಮ್ಮೆಯ ಸಂಗತಿ. ಸರ್ವ ಶಿಕ್ಷಣ ಅಭಿಯಾನವೂ ಅದೇ ಹೊತ್ತಿಗೆ ಕಾಲಿಟ್ಟಿತು. ಚಿಣ್ಣರ ಅಂಗಳ, ಟೆಂಟ್ ಶಾಲೆ ಇವು ಶಾಲೆ ಬಿಟ್ಟ ಮತ್ತು ವಲಸೆ ಮಕ್ಕಳನ್ನು ಹುಡುಕಿಕೊಂಡು ಹೋದ ಒಳ್ಳೆಯ ಪ್ರಯತ್ನಗಳು.

ಯೋಜನೆಗೆ ಕಾನೂನಿನ ಬಲ ಬಂದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯಿಂದ. 21ನೇ ಸೆಕ್ಷನ್ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು. 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆಯನ್ನು ಸಮಿತಿಯೇ ತಯಾರಿಸಬೇಕು, ಸರ್ಕಾರದ ಅನುದಾನಕ್ಕೆ ಅದೇ ಆಧಾರವಾಗಬೇಕು. ಕೇಂದ್ರದ ಮಾದರಿ ನಿಯಮಗಳು ವಿವರವನ್ನೂ ಕೊಟ್ಟಿವೆ: ಮೂರು ವರ್ಷದ ಯೋಜನೆ, ಅದರೊಳಗೆ ಮೂರು ವಾರ್ಷಿಕ ಉಪಯೋಜನೆ, ಪ್ರತಿ ವರ್ಷಕ್ಕೂ ತರಗತಿವಾರು ದಾಖಲಾತಿ ಅಂದಾಜು, ಬೇಕಾಗುವ ಹೆಚ್ಚುವರಿ ಶಿಕ್ಷಕರು, ಕೊಠಡಿ ಮತ್ತು ಸಲಕರಣೆ, ಇವಕ್ಕೆಲ್ಲ ತಗಲುವ ಹಣ. ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳ ಮುಂಚೆ, ಅಂದರೆ ಡಿಸೆಂಬರ್ ಕೊನೆಗೆ, ಇದು ಸಿದ್ಧವಾಗಬೇಕು.

ಇಲ್ಲಿ ‘ಅಂದಾಜು’ ಎಂಬ ಪದವನ್ನು ನಿಂತು ನೋಡಬೇಕು. ಕಾನೂನು ಕೇಳಿರುವುದು ಮುಂದಿನ ವರ್ಷಗಳ ಅಂದಾಜನ್ನು. ನಾವು ತುಂಬಿಕೊಡುವುದು ಇದೇ ವರ್ಷದ ಹಾಜರಿ ಪುಸ್ತಕದ ಸಂಖ್ಯೆಯನ್ನು, ಹೆಚ್ಚೆಂದರೆ ಅದಕ್ಕೆ ಐದೋ ಹತ್ತೋ ಸೇರಿಸಿ. ದಾಖಲಾತಿ ಇಳಿಯುತ್ತಿರುವ ಮಲೆನಾಡಿನ ಶಾಲೆಯಲ್ಲಿ ಈ ತಪ್ಪು ಅಷ್ಟು ಕಾಡದು. ಅಂಚಿನ ಬೆಂಗಳೂರಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಹಾಕೋಣ.

1ರಿಂದ 5ನೇ ತರಗತಿವರೆಗಿನ ಕಿರಿಯ ಪ್ರಾಥಮಿಕ ಶಾಲೆ. ಸೆಪ್ಟೆಂಬರ್ ಕೊನೆಗೆ 185 ಮಕ್ಕಳು. ಕಾಯ್ದೆಯ ಅನುಸೂಚಿಯಂತೆ 121ರಿಂದ 200ರವರೆಗೆ ಐವರು ಶಿಕ್ಷಕರು, 150 ದಾಟಿದ್ದರಿಂದ ಜೊತೆಗೊಬ್ಬ ಮುಖ್ಯ ಶಿಕ್ಷಕರು. ಜನವರಿ ಹೊತ್ತಿಗೆ 40 ಮಕ್ಕಳು ಸೇರಿ 225 ಆಯಿತು ಎನ್ನಿ. 200 ದಾಟಿದ ಮೇಲೆ ಮುಖ್ಯ ಶಿಕ್ಷಕರನ್ನು ಬಿಟ್ಟು ಒಬ್ಬರಿಗೆ 40 ಮಕ್ಕಳು ಮೀರಬಾರದು, ಹಾಗಾಗಿ ಆರು ಜನ ಬೇಕು. ಒಬ್ಬ ಶಿಕ್ಷಕರಿಗೆ ಒಂದು ಕೋಣೆ ಎಂಬುದೂ ಅದೇ ಅನುಸೂಚಿಯ ಮಾತು, ಆದ್ದರಿಂದ ಕೋಣೆಯೂ ಒಂದು ಕಡಿಮೆ. ಈ ಕೊರತೆ ಆ ವರ್ಷದ ಯಾವ ಕಾಗದದಲ್ಲೂ ಕಾಣುವುದಿಲ್ಲ. ಏಪ್ರಿಲ್‌ನಲ್ಲಿ ಆ 40ರಲ್ಲಿ 15 ಮಕ್ಕಳು ಊರಿಗೆ ಹೋಗಿ ಜೂನ್‌ಗೆ ಮರಳಲಿಲ್ಲವೆಂದರೆ ಮುಂದಿನ ಸೆಪ್ಟೆಂಬರ್ ಎಣಿಕೆಯಲ್ಲೂ ಪೂರ್ತಿ ಚಿತ್ರ ಬರುವುದಿಲ್ಲ.

ಅನುದಾನದಲ್ಲಿ ಇದಕ್ಕಿಂತ ಗಂಭೀರ ಲೋಪವಿದೆ. 2018–19ರಲ್ಲಿ ಬಂದ ಕೇಂದ್ರದ ‘ಸಮಗ್ರ ಶಿಕ್ಷಣ’ ಯೋಜನೆಯ ಸಂಯುಕ್ತ ಶಾಲಾ ಅನುದಾನ ಮೆಟ್ಟಿಲು ಮೆಟ್ಟಿಲಾಗಿದೆ. 30 ಮಕ್ಕಳವರೆಗೆ 10 ಸಾವಿರ ರೂಪಾಯಿ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ, 1000ದವರೆಗೆ 75 ಸಾವಿರ, ಅದರಾಚೆ 1 ಲಕ್ಷ. ನಮ್ಮ ಉದಾಹರಣೆಯ ಶಾಲೆಗೆ 185 ಇದ್ದಾಗಲೂ 50 ಸಾವಿರ, 225 ಆದಾಗಲೂ 50 ಸಾವಿರ. ತಲಾ 270 ರೂಪಾಯಿ ಇದ್ದದ್ದು 222ಕ್ಕೆ ಇಳಿಯಿತು. 100 ಮಕ್ಕಳ ಶಾಲೆಗೆ ತಲಾ 250 ಸಿಗುವಲ್ಲಿ 900 ಮಕ್ಕಳ ಶಾಲೆಗೆ ಸಿಗುವುದು 83 ರೂಪಾಯಿ. ಸೀಮೆಸುಣ್ಣ, ಸಣ್ಣಪುಟ್ಟ ರಿಪೇರಿ ಎಲ್ಲ ಇದರಲ್ಲೇ ಆಗಬೇಕು. ಕನಿಷ್ಠ ಶೇ 10 ಸ್ವಚ್ಛತೆಗೆ ಮೀಸಲಿಡಬೇಕು. ಶೌಚಾಲಯ ತೊಳೆಯುವ ಖರ್ಚು ಮಕ್ಕಳ ಸಂಖ್ಯೆಯ ಜೊತೆ ಏರುತ್ತದೆ, ಮೆಟ್ಟಿಲು ಏರುವುದಿಲ್ಲ. ಬೆಳೆದ ಶಾಲೆಗೆ ಬೆಳೆದದ್ದೇ ದಂಡವಾಗುವ ಈ ವ್ಯವಸ್ಥೆ ಬದಲಾಗಬೇಕು ಎಂದು ಯೋಜನೆಯಲ್ಲಿ ಪ್ರತಿ ಎಸ್‌ಡಿಎಂಸಿಯೂ ಬರೆಯಬೇಕು.

ಹೊಸ ಶಾಲೆ ಕೇಳಿದರೆ ಎದುರಾಗುವುದು ದೂರದ ನಿಯಮ: 1–5ನೇ ತರಗತಿಗೆ 1 ಕಿಲೋಮೀಟರ್, 6–8ಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಬೆಂಗಳೂರಿನ ಅಂಚಿನಲ್ಲಿ ಆ ದೂರದೊಳಗೆ ಹಳೆಯ ಹಳ್ಳಿಯ ಶಾಲೆ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಹಾಗಾಗಿ ಬೇಡಿಕೆ ಅಲ್ಲಿಗೇ ಬಿದ್ದುಹೋಗುತ್ತದೆ. ಆ ಶಾಲೆ ತುಂಬಿ ತುಳುಕುತ್ತಿದೆಯೇ, ನಡುವೆ ಆರು ಪಥದ ರಸ್ತೆ ಇದೆಯೇ ಎಂದು ದೂರದ ನಿಯಮ ಕೇಳುವುದಿಲ್ಲ. ಆದರೆ ಜನಸಾಂದ್ರತೆ ಹೆಚ್ಚಿರುವಲ್ಲಿ ಒಂದಕ್ಕಿಂತ ಹೆಚ್ಚು ನೆರೆಹೊರೆ ಶಾಲೆ ತೆರೆಯಬಹುದು ಎಂಬ ಅವಕಾಶ ಮಾದರಿ ನಿಯಮಗಳಲ್ಲೇ ಇದೆ. ತರಗತಿವಾರು ಸಂಖ್ಯೆ ಮತ್ತು ಕೋಣೆಯ ಅಳತೆ ಜೊತೆಗಿಟ್ಟು ಈ ಮಾತನ್ನೇ ಉದ್ಧರಿಸಿ ಕೇಳಬೇಕು.

ಕೊಠಡಿ ಮಂಜೂರಾದರೂ ಜಾಗದ ತೊಡಕು ಉಂಟು. ಹಿಂದೆ ಊರಿನ ದಾನಿ ಬಾಯಿಮಾತಿನಲ್ಲಿ ಕೊಟ್ಟ ಜಾಗ ಇನ್ನೂ ಅವರ ಹೆಸರಲ್ಲೇ ಇರುತ್ತದೆ. ನೆಲದ ಬೆಲೆ ಏರಿದ ಮೇಲೆ ಮೊಮ್ಮಕ್ಕಳು ಕೋರ್ಟಿಗೆ ಹೋಗುತ್ತಾರೆ, ಕಾಮಗಾರಿ ನಿಲ್ಲುತ್ತದೆ. ಆದ್ದರಿಂದ ಯೋಜನೆಯ ಮೊದಲ ವರ್ಷದ ಮೊದಲ ಕೆಲಸ ಕೋಣೆ ಕೇಳುವುದಲ್ಲ, ದಾನಪತ್ರ ನೋಂದಣಿ ಮಾಡಿಸಿ ಖಾತೆಯನ್ನು ಶಾಲೆಯ ಹೆಸರಿಗೆ ತರುವುದು. ಸರ್ವೆ ಮಾಡಿಸಿ ಗಡಿಕಲ್ಲು ಹಾಕಿಸುವುದೂ ಆಗಲೇ ಆಗಿಬಿಡಲಿ.

2019–20ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗ ತೆರೆದಾಗಲೂ ಅಂದಾಜು ತಪ್ಪುವ ಅವಕಾಶ ಅಷ್ಟೇ ಇತ್ತು. ಒಂದನೇ ತರಗತಿಗೆ ಒಂದು ವಿಭಾಗ ಸೇರಿತೆಂದರೆ ಅದು ಅಲ್ಲೇ ನಿಲ್ಲುವುದಿಲ್ಲ. ಆ ವರ್ಷ ಒಂದನೇ ತರಗತಿಗೆ ಸೇರಿದವರು 2023–24ಕ್ಕೆ ಐದನೆಯಲ್ಲಿದ್ದರು. ಅವರ ಹಿಂದೆ ಇನ್ನೂ ನಾಲ್ಕು ತಂಡ. ವರ್ಷಕ್ಕೊಂದರಂತೆ ಐದು ಕೋಣೆ, ಐವರು ಶಿಕ್ಷಕರು. ಮೊದಲ ವರ್ಷದ ಸಂಭ್ರಮದಲ್ಲಿ ಒಂದೇ ಕೋಣೆ ಕೇಳಿದ ಶಾಲೆ ಮೂರನೇ ವರ್ಷಕ್ಕೆ ಗ್ರಂಥಾಲಯವನ್ನೂ ನಾಲ್ಕನೆಯದಕ್ಕೆ ಜಗಲಿಯನ್ನೂ ತರಗತಿ ಮಾಡಿಕೊಳ್ಳಬೇಕಾಗುತ್ತದೆ.

ಭಾಷೆಯ ವಿಷಯಕ್ಕೆ ಬಂದರೆ ಯೋಜನಾ ನಮೂನೆ ಮೂಕವಾಗಿದೆ. ಬೆಂಗಳೂರಿಗೆ ಬಹುಭಾಷೆ ಹೊಸದಲ್ಲ. ಉರ್ದು, ತಮಿಳು, ತೆಲುಗು ಮಾಧ್ಯಮದ ಸರ್ಕಾರಿ ಶಾಲೆಗಳು ಇಲ್ಲಿ ಹಿಂದಿನಿಂದ ಇವೆ. ಒಡಿಯಾ, ಬಂಗಾಳಿ, ಅಸ್ಸಾಮಿ, ನೇಪಾಳಿ ಮಕ್ಕಳಿಗೆ ಅಂಥ ಆಸರೆ ಇಲ್ಲ. 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಗಳಿಂದ ಕಲಿಯುವ ನಲಿಕಲಿ ಕೋಣೆಯಲ್ಲಿ ಏನಾಗುತ್ತದೆ ನೋಡಿ. ಮಕ್ಕಳು ಕಲಿಕಾ ಏಣಿಯ ಮೆಟ್ಟಿಲಿಗೆ ತಕ್ಕಂತೆ ಐದು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ, ಕೂರುತ್ತಾರೆ: ಶಿಕ್ಷಕರ ಪೂರ್ಣ ಬೆಂಬಲದಿಂದ ಹಿಡಿದು ಸ್ವಕಲಿಕೆಯವರೆಗೆ. ನವೆಂಬರ್‌ನಲ್ಲಿ ಬಂದ ಒಡಿಯಾ ಹುಡುಗಿ ವಯಸ್ಸಿನ ಪ್ರಕಾರ ಮೂರನೇ ತರಗತಿ, ಏಣಿಯಲ್ಲಿ ಮೊದಲ ಮೆಟ್ಟಿಲು. ಅವಳು ಕೂರುವುದು ಶಿಕ್ಷಕರ ತಟ್ಟೆಯಲ್ಲಿ. ಅಂಥ ಆರು ಮಕ್ಕಳು ಬಂದರೆ ಶಿಕ್ಷಕಿ ಆ ತಟ್ಟೆ ಬಿಟ್ಟು ಏಳುವಂತಿಲ್ಲ, ಉಳಿದ ನಾಲ್ಕು ತಟ್ಟೆಗಳು ತಾವಾಗಿ ನಡೆಯಬೇಕು. ಆಟದ ಬಯಲಿನಲ್ಲಿ ಈ ಮಕ್ಕಳು ಬೇಗ ಕನ್ನಡ ಮಾತಾಡುತ್ತಾರೆ. ಅದನ್ನು ಕಂಡು ಅಕ್ಷರವೂ ಬಂದುಬಿಟ್ಟಿದೆ ಎಂದು ಮುಂದಿನ ಮೆಟ್ಟಿಲಿಗೆ ತಳ್ಳುವುದು ಸಾಮಾನ್ಯ ತಪ್ಪು. ಕಾಯ್ದೆಯ 4ನೇ ಸೆಕ್ಷನ್ ವಯಸ್ಸಿಗೆ ತಕ್ಕ ತರಗತಿಯ ಜೊತೆ ವಿಶೇಷ ತರಬೇತಿಯನ್ನೂ ಹಕ್ಕಾಗಿ ಕೊಟ್ಟಿದೆ. ಯೋಜನೆಯಲ್ಲಿ ಇದಕ್ಕೆ ಪ್ರತ್ಯೇಕ ಸಾಲು ಬೇಕು: ಮಾತೃಭಾಷೆವಾರು ಸಂಖ್ಯೆ, ದಿನಕ್ಕೊಂದು ಅವಧಿಯಂತೆ ಮೊದಲ ಎಂಟು ವಾರ ಮಾತಿನ ಕನ್ನಡ, ಅದಕ್ಕೊಬ್ಬ ಅತಿಥಿ ಶಿಕ್ಷಕರು, ಅದೇ ಭಾಷೆ ಬಲ್ಲ ಸಹಪಾಠಿಯ ಜೋಡಿ.

ಗಣಕೀಕರಣ ಬಂದ ಮೇಲೆ ಎಣಿಕೆ ಚುರುಕಾಯಿತು, ಆದರೆ ಹೊಸ ಗಂಟೂ ಬಿತ್ತು. ಹಳೆಯ ಶಾಲೆ ಆನ್‌ಲೈನ್‌ನಲ್ಲಿ ಟಿಸಿ (ವರ್ಗಾವಣೆ ಪತ್ರ) ಕೊಡದಿದ್ದರೆ ರಾಜ್ಯದ ವಿದ್ಯಾರ್ಥಿ ದಾಖಲೆ ಜಾಲವಾದ ಸ್ಯಾಟ್ಸ್‌ನಲ್ಲಿ ಮಗುವಿನ ಸಂಖ್ಯೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೊರರಾಜ್ಯದ ಮಗುವಾದರೆ ಅಲ್ಲಿನ ಶಾಲೆ ಕೇಂದ್ರದ ಶಾಲಾ ಮಾಹಿತಿ ಜಾಲವಾದ ಯು-ಡೈಸ್‌ನಲ್ಲಿ ದಾಖಲೆ ಬಿಡುಗಡೆ ಮಾಡುವವರೆಗೆ ಕಾಯಬೇಕು. ಅಷ್ಟು ದಿನ ಮಗು ಬೆಂಚಿನ ಮೇಲಿದೆ, ಲೆಕ್ಕದಲ್ಲಿಲ್ಲ. ಬಿಸಿಯೂಟ ದಿನದ ಹಾಜರಿ ನೋಡಿ ನಡೆಯುವುದರಿಂದ ತಟ್ಟೆ ಸಿಗುತ್ತದೆ. ಪಠ್ಯಪುಸ್ತಕದ ಬೇಡಿಕೆ ಮೊದಲೇ ಹೋಗಿರುವುದರಿಂದ ಪುಸ್ತಕ ಸಿಗುವುದಿಲ್ಲ. ಕಾನೂನು ಈ ವಿಷಯದಲ್ಲಿ ಸ್ಪಷ್ಟ: ಟಿಸಿ ತಡವಾದದ್ದಕ್ಕೆ ದಾಖಲಾತಿ ತಡೆಯುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲದ್ದಕ್ಕೆ ನಿರಾಕರಿಸುವಂತಿಲ್ಲ. ಮೊದಲ ದಿನವೇ ಕೈಬರಹದ ದಾಖಲಾತಿ ವಹಿಯಲ್ಲಿ ಹೆಸರು ಬರೆಯಬೇಕು.

ಇದೆಲ್ಲದಕ್ಕೂ ಮೂಲವಾಗಬೇಕಾದ ಪುಸ್ತಕವೊಂದು ಕಾಯ್ದೆಯಲ್ಲೇ ಇದೆ. 9ನೇ ಸೆಕ್ಷನ್ ತನ್ನ ವ್ಯಾಪ್ತಿಯ 14 ವರ್ಷದೊಳಗಿನ ಎಲ್ಲ ಮಕ್ಕಳ ದಾಖಲೆ ಇಡುವ ಹೊಣೆಯನ್ನು ಸ್ಥಳೀಯ ಪ್ರಾಧಿಕಾರಕ್ಕೆ ವಹಿಸಿದೆ. ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನೂ ಅದೇ ನೋಡಿಕೊಳ್ಳಬೇಕು. ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಮೇಲೆ ಮನೆ ಮನೆ ಸಮೀಕ್ಷೆಗೆ ಒತ್ತು ಬಂತು. ಆದರೆ ಊರಿನಲ್ಲಿ ಗ್ರಾಮ ಪಂಚಾಯಿತಿ ಸುಲಭವಾಗಿ ಕೈಗೆ ಸಿಗುವಂತೆ ನಗರದಲ್ಲಿ ಪಾಲಿಕೆ ಸಿಗುವುದಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಬ್ಲಾಕಿನ ಗಡಿ ಒಂದು, ವಾರ್ಡಿನ ಗಡಿ ಇನ್ನೊಂದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಐದು ಪಾಲಿಕೆಗಳಾಗಿ ಒಡೆದಿದೆ. ಈ ಗಡಿಗಳನ್ನು ಹೊಂದಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು.

ಅಲ್ಲಿಯವರೆಗೆ ಶಾಲೆ ಮಾಡಬಹುದಾದದ್ದು ಇಷ್ಟು. ಡಿಸೆಂಬರ್ ಎರಡನೇ ವಾರ ಸುತ್ತಲಿನ ಕಾರ್ಮಿಕರ ಶೆಡ್‌ಗಳು ಮತ್ತು ಬಾಡಿಗೆ ಸಾಲುಮನೆಗಳಲ್ಲಿ ಭಾನುವಾರದ ಎಣಿಕೆ. ಅಂಗನವಾಡಿಯಿಂದ ಐದು ತುಂಬಿದವರ ಪಟ್ಟಿ. ಹಿಂದಿನ ಮೂರು ವರ್ಷ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಸೇರಿದವರು ಮತ್ತು ಬಿಟ್ಟವರ ತಿಂಗಳುವಾರು ಸಂಖ್ಯೆ. ಸಮಿತಿಯ ಸಭೆ ಸಂಜೆ ಏಳಕ್ಕೆ ಇಟ್ಟರೆ ಕೂಲಿ ಮುಗಿಸಿದ ತಾಯಂದಿರೂ ಬರುತ್ತಾರೆ. ಈ ಮೂರು ಪಟ್ಟಿಗಳನ್ನು ಯೋಜನೆಗೆ ಲಗತ್ತಿಸಿ, ಠರಾವಿನಲ್ಲಿ ‘ಜನವರಿಯ ಅಂದಾಜು ಗರಿಷ್ಠ ಸಂಖ್ಯೆಯ ಆಧಾರದ ಮೇಲೆ’ ಎಂದು ಸ್ಪಷ್ಟವಾಗಿ ಬರೆದು, ಅಧ್ಯಕ್ಷರ ಸಹಿ ಹಾಕಿಸಿ ಸಲ್ಲಿಸಬೇಕು. ಸ್ವೀಕೃತಿ ಮೊಹರು ಬಿದ್ದ ಪ್ರತಿ ಶಾಲೆಯ ಕಡತದಲ್ಲೇ ಇರಲಿ: ಮಕ್ಕಳ ಸಂಖ್ಯೆಗೆ ಹೋಲಿಸಿ ಶಿಕ್ಷಕರು ಮಿಗುತ್ತಾರೆಂದು ಬೇರೆಡೆ ಕಳಿಸುವ ‘ಹೆಚ್ಚುವರಿ ಶಿಕ್ಷಕರ’ ಪಟ್ಟಿಯಲ್ಲಿ ನಿಮ್ಮ ಶಾಲೆಯ ಹೆಸರು ಬಂದರೆ ಆಕ್ಷೇಪಣೆಗೆ ಸಿಗುವುದು ಕೆಲವೇ ದಿನ, ಆಗ ಮೇಜಿನ ಮೇಲೆ ಇಡಬೇಕಾದ ಕಾಗದ ಅದೇ.